ಮೊಡವೆಗೆ ಪಥ್ಯವುಂಟೆ?

ಮೊಡವೆಯೆಂಬುದು ಹದಿನಾರು ಹದಿನೆಂಟರ ಪ್ರಾಯದ ಕಾಟ, ಮದುವೆಯಾದರೆ ತಾನಾಗಿಯೇ ಹೋಗುತ್ತದೆ ಎಂದು ಹಿರಿಯರು ಹೇಳುವುದುಂಟು. ಹಾಗೆ ಹೋಗದವರೂ ಬಹಳ ಮಂದಿ ಇದ್ದಾರೆ. ಇಪ್ಪತ್ತೈದು ದಾಟಿದ ಮೇಲೂ, ಮೂವತ್ತು ನಲವತ್ತರಲ್ಲಿಯೂ ಗಲ್ಲದ ಮೇಲೆ, ದವಡೆಯ ಅಂಚಿನಲ್ಲಿ, ಬೆನ್ನಿನಲ್ಲಿ ಅದು ಏಳುತ್ತದೆ. ಈ ವಯಸ್ಸಿನಲ್ಲಿ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಠಾಕುರ್ಲಿಯಿಂದ ಬೆಳಗಿನ ಲೋಕಲ್ ಹಿಡಿಯುವ ಗುಮಾಸ್ತರು, ಡೊಂಬಿವಲಿಯ ಕಾರಖಾನೆಗಳಲ್ಲಿ ಪಾಳಿ ಮಾಡುವವರು, ಹೋಟೆಲಿನ ಭಟ್ಟಿಯ ಮುಂದೆ ನಿಂತು ದುಡಿಯುವವರು, ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಗಿರಾಕಿಗಳಿಗೆ ಮುಖ ಕೊಡಬೇಕಾದ ಹೆಣ್ಣುಮಕ್ಕಳು, ಇವರಲ್ಲಿ ಯಾರಿಗೂ ಇದು ಬರಬಹುದು. ಪ್ರಾಣಕ್ಕೆ ಅಪಾಯವಿಲ್ಲದ ಬೇನೆಯಾದುದರಿಂದ ಸುತ್ತಲಿನವರು ನಗುತ್ತಾರೆ. ಕನ್ನಡಿಯ ಮುಂದೆ ನಿಂತವರಿಗೆ ಮಾತ್ರ ನಗು ಬರುವುದಿಲ್ಲ.

ನಗುವವರಿಗೆ ಹೆದರಿ ವೈದ್ಯರ ಬಳಿಗೆ ಹೋಗದವರು ಮೊದಲು ಕೈಯಿಡುವುದು ಊಟಕ್ಕೆ. ಒಬ್ಬರು ಎಣ್ಣೆ ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಮಾವಿನಹಣ್ಣು ಉಷ್ಣ ಎನ್ನುತ್ತಾರೆ, ಮತ್ತೊಬ್ಬರು ದಿನಕ್ಕೆ ನಾಲ್ಕು ಲೀಟರು ನೀರು ಕುಡಿಯಿರಿ ಎನ್ನುತ್ತಾರೆ. ಇದರ ಮೇಲೆ ಮೊಬೈಲಿನಲ್ಲಿ ಬರುವ ಜಾಹೀರಾತುಗಳು ಬೇರೆ: ಈ ರಸ, ಆ ಪುಡಿ, ರಕ್ತ ಶುದ್ಧಿ ಮಾಡುವ ಸಿರಪ್ಪು. ತಿಂಗಳ ಸಂಬಳದಿಂದ ಊರಿಗೆ ಕಳುಹಿಸಿ ಮಿಕ್ಕ ಹಣದಲ್ಲಿ ಇವನ್ನು ಕೊಳ್ಳುವವರು ನಮ್ಮ ನಡುವೆಯೇ ಇರುವುದರಿಂದ, ಈ ವಿಷಯದಲ್ಲಿ ತಿಳಿದಿರುವುದೆಷ್ಟು, ಬರಿಯ ಮಾತೆಷ್ಟು ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಮೊದಲು ಮೊಡವೆಯೆಂದರೇನು ಎಂಬುದನ್ನು ನೋಡೋಣ. ನಮ್ಮ ಚರ್ಮದಲ್ಲಿ ಪ್ರತಿಯೊಂದು ಕೂದಲಿನ ಬುಡದಲ್ಲಿಯೂ ಒಂದು ಸಣ್ಣ ಗುಳಿಯಿದೆ. ಅದಕ್ಕೆ ರೋಮಕೂಪವೆಂದು ಹೆಸರು. ಅದರ ಪಕ್ಕದಲ್ಲಿ ಜಿಡ್ಡನ್ನು ಒಸರುವ ಗ್ರಂಥಿ. ಮುಖ, ಎದೆ, ಬೆನ್ನುಗಳಲ್ಲಿ ಈ ಗ್ರಂಥಿಗಳು ದೊಡ್ಡವು. ಗಂಡಸುತನದ ಹಾರ್ಮೋನುಗಳು, ಇವು ಹೆಂಗಸರಲ್ಲಿಯೂ ಸ್ವಲ್ಪ ಮಟ್ಟಿಗೆ ಇರತಕ್ಕವೇ, ಈ ಗ್ರಂಥಿಗಳನ್ನು ಕೆರಳಿಸಿದಾಗ ಜಿಡ್ಡು ಹೆಚ್ಚಾಗುತ್ತದೆ. ಗುಳಿಯ ಒಳಗೋಡೆಯಿಂದ ಉದುರುವ ಸತ್ತ ಚರ್ಮದ ಚೂರುಗಳು ಆ ಜಿಡ್ಡಿನಲ್ಲಿ ಅಂಟಿಕೊಂಡು ಬಾಯಿಗೆ ಬಿರಡೆ ಹಾಕಿದಂತಾಗುತ್ತದೆ. ಬಿರಡೆಯ ಕೆಳಗೆ, ಎಲ್ಲರ ಚರ್ಮದಲ್ಲಿಯೂ ವಾಸವಾಗಿರುವ ಒಂದು ಜಾತಿಯ ಸೂಕ್ಷ್ಮಜೀವಿ ಹೆಚ್ಚು ಬೆಳೆಯುತ್ತದೆ. ಶರೀರವು ಅದರೊಡನೆ ಕಾದಾಡುತ್ತದೆ. ಜಾಗ ಕೆಂಪಾಗಿ ಊದಿ ಕೀವು ತುಂಬುತ್ತದೆ. ಈ ಕೆಲಸವೆಲ್ಲ ಒಂದೆರಡು ದಿನದಲ್ಲಿ ಆಗುವುದಿಲ್ಲ. ಇಂದು ಕಣ್ಣಿಗೆ ಕಾಣುವ ಮೊಡವೆ ಕೆಲವು ವಾರಗಳ ಹಿಂದೆಯೇ ಒಳಗೆ ಮೊದಲಾಗಿರುತ್ತದೆ. ಆದ್ದರಿಂದ ನಿನ್ನೆ ತಿಂದ ಬಟಾಟೆವಡೆಯಿಂದ ಇಂದು ಮೊಡವೆ ಎದ್ದಿತು ಎಂಬ ಲೆಕ್ಕ ಸಾಮಾನ್ಯವಾಗಿ ಕೂಡುವುದಿಲ್ಲ.

ರಕ್ತ ಕೆಟ್ಟಿದೆ ಎಂಬ ಮಾತಿಗೆ ಬಹಳ ಹಳೆಯ ಮೂಲವಿದೆ. ಸುಶ್ರುತಸಂಹಿತೆಯಲ್ಲಿ ಮೊಡವೆಗೆ ಮುಖದೂಷಿಕೆಯೆಂದು ಹೆಸರು. ಅದನ್ನು ಬೂರುಗದ ಮರದ ಮುಳ್ಳಿಗೆ ಹೋಲಿಸಿ, ಕಫ, ವಾತ, ರಕ್ತಗಳಿಂದ ಯುವಕರ ಮುಖದಲ್ಲಿ ಏಳುವುದೆಂದು ಹೇಳಿದೆ. ಬೂರುಗದ ಕಾಂಡವನ್ನು ನೋಡಿದವರಿಗೆ ಆ ಹೋಲಿಕೆ ಎಷ್ಟು ಸರಿಯೆಂಬುದು ಗೊತ್ತು. ಕಣ್ಣಿಗೆ ಕಂಡುದನ್ನು ಅವರು ಚೆನ್ನಾಗಿಯೇ ಕಂಡಿದ್ದರು. ಆದರೆ ರಕ್ತವನ್ನು ಶೋಧಿಸುವ ಕೆಲಸವನ್ನು ನಮ್ಮ ಯಕೃತ್ತೂ ಮೂತ್ರಪಿಂಡಗಳೂ ಹಗಲಿರುಳು ಮಾಡುತ್ತಿವೆ. ಮೊಡವೆ ಬಂದವರ ರಕ್ತದಲ್ಲಿ ತೊಳೆಯಬೇಕಾದ ಕೊಳೆಯೇನೂ ಇರುವುದಿಲ್ಲ. ರಕ್ತಶುದ್ಧಿಯ ಸಿರಪ್ಪಿಗೆ ಕೊಡುವ ಹಣ, ನಮ್ಮ ಅಭಿಪ್ರಾಯದಲ್ಲಿ, ನೀರಿಗೆ ಹಾಕಿದ ಹಣ.

ಹಾಗಾದರೆ ಆಹಾರಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೆ? ಇಲ್ಲವೆಂದೇ ಬಹುಕಾಲ ವೈದ್ಯರು ಹೇಳುತ್ತಿದ್ದರು. ಅದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಹೆಸರಾದುದು ೧೯೬೯ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಫುಲ್ಟನ್, ಪ್ಲೆವಿಗ್, ಕ್ಲಿಗ್‌ಮನ್ ಎಂಬ ಮೂವರು ವೈದ್ಯರು ಮೊಡವೆಯಿದ್ದ ೬೫ ಮಂದಿಗೆ ನಾಲ್ಕು ವಾರ ದಿನವೂ ಚಾಕೊಲೇಟನ್ನು, ಮತ್ತೆ ನಾಲ್ಕು ವಾರ ಚಾಕೊಲೇಟಿಲ್ಲದ ಅಂಥದೇ ಮಿಠಾಯಿಯನ್ನು ತಿನ್ನಿಸಿ ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಎರಡನೆಯ ಮಿಠಾಯಿಯಲ್ಲಿಯೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇದ್ದುವು! ಕಳ್ಳನನ್ನು ಅವನ ಅಣ್ಣನ ಪಕ್ಕದಲ್ಲಿ ನಿಲ್ಲಿಸಿ ಇಬ್ಬರಲ್ಲಿ ವ್ಯತ್ಯಾಸವಿಲ್ಲ, ಆದ್ದರಿಂದ ಇವನು ಕಳ್ಳನಲ್ಲ ಎಂದ ಹಾಗಾಯಿತು. ಚಾಕೊಲೇಟಿನ ಮೇಲಿನ ಆರೋಪ ಒಂದಿಷ್ಟು ಕಡಿಮೆಯಾಗಿರಬಹುದು. ಸಕ್ಕರೆಯ ವಿಚಾರಣೆಯಂತೂ ನಡೆಯಲೇ ಇಲ್ಲ.

ಅದು ಮುಂದೆ ನಡೆಯಿತು. ೨೦೦೨ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಪಾಪುವಾ ನ್ಯೂ ಗಿನಿಯ ಕಿಟಾವಾ ಎಂಬ ದ್ವೀಪದ ೧,೨೦೦ ಜನರನ್ನು ಪರೀಕ್ಷಿಸಿದಾಗ ಒಬ್ಬರ ಮುಖದಲ್ಲಿಯೂ ಮೊಡವೆ ಕಾಣಲಿಲ್ಲವೆಂದು ಹೇಳಿದೆ. ಅವರ ಆಹಾರ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿ. ಸಕ್ಕರೆ, ಮೈದಾ, ಹಾಲು ಅವರಲ್ಲಿ ಇಲ್ಲವೆಂಬಷ್ಟು ಕಡಿಮೆ. ತೆಂಗಿನಕಾಯಿ ತಿಂದರೆ ಮೊಡವೆ ಬರುತ್ತದೆಂದು ಅಂಜುವ ನಮ್ಮ ಕರಾವಳಿಯ ಬಂಧುಗಳು ಇದನ್ನು ಗಮನಿಸಬಹುದು. ಆದರೂ ದ್ವೀಪದವರ ವಂಶಗುಣ ಬೇರೆ, ಜೀವನವೇ ಬೇರೆ. ಊಟವೊಂದೇ ಕಾರಣವೆಂದು ಹೇಳಲಾಗದು.

೨೦೦೭ರಲ್ಲಿ ಆಸ್ಟ್ರೇಲಿಯದ ಒಂದು ಪ್ರಯೋಗ ಇದಕ್ಕಿಂತ ಸ್ವಲ್ಪ ಗಟ್ಟಿಯಾದುದು. ೧೫ರಿಂದ ೨೫ ವರ್ಷದ ೪೩ ಮಂದಿ ಯುವಕರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ರಕ್ತದಲ್ಲಿ ಸಕ್ಕರೆಯನ್ನು ತಟ್ಟನೆ ಏರಿಸದ ಆಹಾರ ಕೊಟ್ಟರು. ಇನ್ನೊಂದಕ್ಕೆ ವಾಡಿಕೆಯ ಆಹಾರ. ೧೨ ವಾರಗಳ ಕೊನೆಗೆ ಮೊದಲ ಪಂಗಡದವರಲ್ಲಿ ಸರಾಸರಿ ೨೩ರಷ್ಟು ಮೊಡವೆಗಳು ಕಡಿಮೆಯಾಗಿದ್ದುವು, ಎರಡನೆಯವರಲ್ಲಿ ೧೨. ಈ ಲೆಕ್ಕದಲ್ಲಿ ಎರಡು ಸಂಗತಿಗಳನ್ನು ನೋಡಬೇಕು. ಪಥ್ಯ ಮಾಡದವರಲ್ಲಿಯೂ ೧೨ ಇಳಿದುವು. ಮೊಡವೆ ತಾನಾಗಿ ಏರಿ ಇಳಿಯುವ ಬೇನೆ, ಆ ಇಳಿತದ ಹೊತ್ತಿನಲ್ಲಿ ಯಾವ ಕಷಾಯ ಕುಡಿದಿದ್ದರೆ ಅದಕ್ಕೇ ಕೀರ್ತಿ ಬರುತ್ತದೆ. ಎರಡನೆಯದು, ಪಥ್ಯ ಮಾಡಿದವರ ತೂಕವೂ ಇಳಿಯಿತು. ಆದ್ದರಿಂದ ಗುಣವಾದುದು ಆಹಾರದ ಬದಲಾವಣೆಯಿಂದಲೋ ತೂಕ ಇಳಿದುದರಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ.

ಇದು ನಡೆಯುವ ಬಗೆ ಹೀಗೆ: ಸಕ್ಕರೆ, ಮೈದಾಗಳಂಥ ಬೇಗ ಜೀರ್ಣವಾಗುವ ಪದಾರ್ಥ ಹೊಟ್ಟೆಗೆ ಬಿದ್ದೊಡನೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದನ್ನು ಇಳಿಸಲು ಶರೀರವು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಪದೇ ಪದೇ ಏರಿದರೆ, ಅದರ ಜೊತೆಗೆ ಬೆಳವಣಿಗೆಯ ಇನ್ನೊಂದು ಹಾರ್ಮೋನು, ಮೇಲೆ ಹೇಳಿದ ಗಂಡಸುತನದ ಹಾರ್ಮೋನುಗಳೂ ಬಲಗೊಂಡು ಜಿಡ್ಡಿನ ಗ್ರಂಥಿಗಳನ್ನು ಕೆರಳಿಸುತ್ತವೆ. ದಾರಿ ಇದೆಯೆಂಬುದು ಸ್ಪಷ್ಟ. ಒಬ್ಬೊಬ್ಬರಲ್ಲಿ ಎಷ್ಟು ಸಂಚಾರ ಆ ದಾರಿಯಲ್ಲಿ ನಡೆಯುತ್ತದೆಂಬುದು ಬೇರೆ ಬೇರೆ. ೨೦೨೪ರಲ್ಲಿ ಅಮೆರಿಕದ ಚರ್ಮವೈದ್ಯರ ಅಕಾಡೆಮಿ ತನ್ನ ಮಾರ್ಗಸೂಚಿಯಲ್ಲಿ, ಇಂಥ ಪಥ್ಯವನ್ನು ಮೊಡವೆಯ ಚಿಕಿತ್ಸೆಯಾಗಿ ಶಿಫಾರಸು ಮಾಡಲು ಪುರಾವೆ ಸಾಲದು ಎಂದಿತು. ಪಥ್ಯ ವ್ಯರ್ಥವೆಂದು ಅದರ ಅರ್ಥವಲ್ಲ. ಔಷಧಕ್ಕೆ ಊಟ ಬದಲಿಯಲ್ಲ, ಅಷ್ಟೇ.

ಈಗ ನಮ್ಮ ಠಾಕುರ್ಲಿಯ ಊಟಕ್ಕೆ ಬರೋಣ. ಇಲ್ಲಿ ಒಂಟಿಯಾಗಿರುವ ಕೆಲಸಗಾರನ ದಿನ ಹೇಗೆ ನಡೆಯುತ್ತದೆ? ಬೆಳಿಗ್ಗೆ ಚಹ, ಜೊತೆಗೆ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಅಥವಾ ಖಾರಿ. ಸ್ಟೇಷನ್ನಿನಲ್ಲಿ ವಡಾಪಾವ್. ಕಚೇರಿ ಮುಟ್ಟಿದ ಮೇಲೆ ಒಂದು ಕಟಿಂಗ್, ಹನ್ನೊಂದಕ್ಕೆ ಒಂದು, ಊಟವಾದ ಮೇಲೆ ಒಂದು, ಸಂಜೆ ಒಂದು. ರಾತ್ರಿ ಬಂದವನಿಗೆ ಅಡುಗೆಗೆ ತ್ರಾಣವಿಲ್ಲ. ಅನ್ನ, ತೆಳ್ಳಗಿನ ಸಾರು, ಉಪ್ಪಿನಕಾಯಿ. ಇದರಲ್ಲಿ ಯಾವುದೂ ಹೊಟ್ಟೆಬಾಕತನವಲ್ಲ. ಕಡಿಮೆ ಹಣದಲ್ಲಿ, ಕಡಿಮೆ ಹೊತ್ತಿನಲ್ಲಿ ಹೊಟ್ಟೆ ತುಂಬುವುದು ಪಾವು, ಅನ್ನ, ಸಕ್ಕರೆಗಳೇ. ಪಥ್ಯದ ಪುಸ್ತಕಗಳಲ್ಲಿ ಬರೆಯುವ ಬಾದಾಮಿ, ಸೇಬುಗಳನ್ನು ಇಲ್ಲಿ ಹೇಳುವುದು ಹಾಸ್ಯವಾದೀತು.

ಚಹದ ಲೆಕ್ಕವನ್ನೇ ಮಾಡಿ. ಒಂದು ಕಟಿಂಗಿಗೆ ಒಂದೂವರೆ ಚಮಚ ಸಕ್ಕರೆಯೆಂದು ಹಿಡಿದರೆ ಐದು ಕಟಿಂಗಿಗೆ ಏಳೂವರೆ ಚಮಚ. ಚಮಚಕ್ಕೆ ೪ ಗ್ರಾಮಿನಂತೆ ೩೦ ಗ್ರಾಂ. ಇಡೀ ದಿನಕ್ಕೆ ಮೇಲಿನಿಂದ ಹಾಕಿದ ಸಕ್ಕರೆ ಎಲ್ಲ ಸೇರಿ ಸುಮಾರು ೫೦ ಗ್ರಾಮಿನ ಒಳಗಿರಬೇಕು, ೨೫ ಗ್ರಾಮಿನ ಒಳಗಿದ್ದರೆ ಇನ್ನೂ ಮೇಲು ಎಂಬುದು ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ. ಬಿಸ್ಕತ್ತು, ಸಂಜೆಯ ಜಿಲೇಬಿಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ. ಬೇಸಗೆಯಲ್ಲಿ ೩೦೦ ಮಿಲಿಲೀಟರಿನ ಒಂದು ಕೋಲಾ ಬಾಟಲಿ ಕುಡಿದರೆ ಅದೊಂದರಲ್ಲಿಯೇ ಸುಮಾರು ೩೦ ಗ್ರಾಂ. ಕಬ್ಬಿನ ಹಾಲೂ ಇದಕ್ಕೆ ಸೋಲುವುದಿಲ್ಲ. ಗಿಡದಿಂದ ಬಂದುದೆಂದ ಮಾತ್ರಕ್ಕೆ ಸಕ್ಕರೆ ಸಕ್ಕರೆಯಲ್ಲದೆ ಹೋಗುವುದಿಲ್ಲ.

ಆದ್ದರಿಂದ ಊಟದಲ್ಲಿ ಏನಾದರೂ ಮಾಡಬೇಕೆನ್ನುವವರು ಮೊದಲು ಚಹದ ಸಕ್ಕರೆಗೆ ಕೈ ಹಾಕಲಿ. ಇದಕ್ಕೆ ಖರ್ಚಿಲ್ಲ. ಟಪರಿಯ ಚಹ ಮೊದಲೇ ಸಕ್ಕರೆ ಹಾಕಿ ಕುದಿಸಿದ್ದಾಗಿರುವುದರಿಂದ, ಐದರಲ್ಲಿ ಮೂರನ್ನು ಬಿಡುವುದು, ಮನೆಯಲ್ಲಿ ಮಾಡಿಕೊಳ್ಳುವ ಎರಡಕ್ಕೆ ಅರ್ಧ ಅರ್ಧ ಚಮಚ ಹಾಕಿಕೊಳ್ಳುವುದು ಸುಲಭದ ದಾರಿ. ಬೆಲ್ಲ ಹಾಕಿದರೆ ಆಗದೆ ಎಂದು ಕೇಳುವವರುಂಟು. ಈ ವಿಷಯದಲ್ಲಿ ಬೆಲ್ಲವೂ ಸಕ್ಕರೆಯ ತಮ್ಮನೇ.

ಪಾವಿನ ಬದಲು ಏನು? ಡೊಂಬಿವಲಿ ಠಾಕುರ್ಲಿಗಳಲ್ಲಿ ಪೋಳಿ-ಭಾಜಿ ಕೇಂದ್ರಗಳಿಗೆ ಬರವಿಲ್ಲ. ಗೋಧಿಯ ಪೋಳಿ, ಜೋಳದ ಭಾಕ್ರಿ, ಕಾಳಿನ ಉಸಳ್ ಅಲ್ಲಿ ಸಿಗುತ್ತವೆ. ಕಲಬುರಗಿ ವಿಜಯಪುರಗಳ ಕಡೆಯಿಂದ ಬಂದವರಿಗೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯದ ಗುಣವನ್ನು ನಾವು ಹೇಳಬೇಕಾಗಿಲ್ಲ. ಊರಿನಲ್ಲಿ ದಿನವೂ ತಿಂದು ಇಲ್ಲಿಗೆ ಬಂದು ಬಿಟ್ಟ ಊಟವೇ ಇದಕ್ಕೆ ಒಳ್ಳೆಯ ಊಟ. ಕರಾವಳಿಯವರು ಬೆಳ್ತಿಗೆಗಿಂತ ಕುಚ್ಚಲಕ್ಕಿಯನ್ನೇ ಉಳಿಸಿಕೊಳ್ಳಲಿ. ಅನ್ನವನ್ನು ಬಿಡಬೇಕಾಗಿಲ್ಲ, ಒಂದು ಸೌಟು ಕಡಿಮೆ ಮಾಡಿ ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಮೀನು ಇವುಗಳಲ್ಲಿ ನಿಲುಕುವುದನ್ನು ಹೆಚ್ಚಿಸಿದರೆ ಸಾಕು. ಸಂಜೆಯ ಹಸಿವಿಗೆ ಬಿಸ್ಕತ್ತಿನ ಪೊಟ್ಟಣಕ್ಕಿಂತ ಹುರಿಗಡಲೆ ಶೇಂಗಾಗಳ ಪೊಟ್ಟಣ ಲೇಸು. ರಾಗಿ ಒಳ್ಳೆಯದೇ, ಆದರೆ ನುಣ್ಣನೆಯ ಹಿಟ್ಟಿಗೆ ಸಕ್ಕರೆ ಬೆರೆಸಿ ಮಾಲ್ಟ್ ಎಂದು ಮಾರುವುದನ್ನು ಕುಡಿದು ರಾಗಿ ತಿಂದೆವೆಂದು ಸಮಾಧಾನಪಡುವುದು ಬೇಡ.

ಎಣ್ಣೆಯ ವಿಷಯದಲ್ಲಿ ಜನರಿಗಿರುವ ಭಯ ಅಳತೆ ಮೀರಿದ್ದು. ತಿಂದ ಎಣ್ಣೆ ಹಾಗೆಯೇ ಮುಖದ ಮೇಲೆ ಬಂದು ಒಸರುವುದಿಲ್ಲ. ನಿಜವಾದ ಉಪದ್ರವ ಹೊರಗಿನ ಎಣ್ಣೆಯದು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದು ಅಲ್ಲಿ ಸಾಲು ಸಾಲಾಗಿ ಮೊಡವೆ ಏಳುವುದನ್ನು ವೈದ್ಯರು ಬಲ್ಲರು. ಕಾರಖಾನೆಯಲ್ಲಿ ಲೋಹ ಕತ್ತರಿಸುವ ಯಂತ್ರದ ಎಣ್ಣೆ ಬಟ್ಟೆಯಲ್ಲಿ ಇಂಗಿ, ಮುಂಗೈ ತೊಡೆಗಳ ಮೇಲೆ ಮೊಡವೆಯಂಥ ಗುಳ್ಳೆ ಬರುವುದುಂಟು. ಅದಕ್ಕೆ ಯಾವ ಪಥ್ಯವೂ ನಾಟುವುದಿಲ್ಲ. ಪಾಳಿ ಮುಗಿದೊಡನೆ ಸಾಬೂನಿನಿಂದ ತೊಳೆದುಕೊಂಡು ಬಟ್ಟೆ ಬದಲಾಯಿಸುವುದು, ಎಣ್ಣೆ ಕುಡಿದ ಡ್ರೆಸ್ಸನ್ನು ಮರುದಿನವೂ ತೊಡದಿರುವುದು, ಇದೇ ಉಪಾಯ. ಭಟ್ಟಿಯ ಸೆಕೆ, ಬೆವರುಗಳಿಂದಲೂ ಮೊಡವೆ ಕೆರಳುತ್ತದೆ.

ಹಾಲಿನ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ೪೭,೩೫೫ ಮಂದಿ ದಾದಿಯರನ್ನು ಅವರ ಶಾಲಾದಿನಗಳ ಆಹಾರದ ಬಗೆಗೆ ಕೇಳಿ ೨೦೦೫ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೆಚ್ಚು ಹಾಲು, ಅದರಲ್ಲಿಯೂ ಕೆನೆ ತೆಗೆದ ಹಾಲು ಕುಡಿದವರಿಗೆ ತೀವ್ರ ಮೊಡವೆ ಬಂದುದು ತುಸು ಹೆಚ್ಚೆಂದು ಕಂಡಿತು. ಆದರೆ ಎಷ್ಟೋ ವರ್ಷದ ಹಿಂದೆ ಕುಡಿದ ಹಾಲಿನ ನೆನಪು ಯಾರಿಗೆ ತಾನೆ ಸರಿಯಾಗಿರುತ್ತದೆ! ನಮ್ಮ ಚಹದಲ್ಲಿರುವ ಎರಡು ಚಮಚ ಹಾಲಿಗೆ ಹೆದರಬೇಕಾಗಿಲ್ಲ. ಮಕ್ಕಳ ಹಾಲನ್ನಂತೂ ಈ ಕಾರಣಕ್ಕೆ ನಿಲ್ಲಿಸಲೇಬಾರದು. ಆದರೆ ವ್ಯಾಯಾಮಶಾಲೆಗೆ ಹೋಗುವ ತರುಣರು ಡಬ್ಬಿಗಟ್ಟಲೆ ಕಲಸಿ ಕುಡಿಯುವ ಪುಡಿ ಹಾಲಿನ ಸತ್ತ್ವದಿಂದ ಮಾಡಿದ್ದು. ಅದನ್ನು ಕುಡಿಯತೊಡಗಿದ ಮೇಲೆ ಮೈತುಂಬ ಮೊಡವೆ ಎದ್ದುದನ್ನು ವೈದ್ಯರು ವರದಿ ಮಾಡಿದ್ದಾರೆ. ಅಂಥವರು ಎರಡು ಮೂರು ತಿಂಗಳು ಅದನ್ನು ಬಿಟ್ಟು ನೋಡುವುದು ಜಾಣತನ.

ಇನ್ನು ಪಾನೀಯಗಳು. ನೀರನ್ನು ಬಾಯಾರಿದಷ್ಟು ಕುಡಿಯಬೇಕು. ಬೆವರು ಹರಿಸುವವರು ಇನ್ನೂ ಹೆಚ್ಚು. ಅದಕ್ಕಿಂತ ಮಿಗಿಲಾಗಿ ಕುಡಿದರೆ ಮೊಡವೆ ತೊಳೆದುಹೋಗುವುದಿಲ್ಲ. ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದರೂ ಅಷ್ಟೇ. ಕೆಡುಕಿಲ್ಲ, ಒಳಿತೂ ಇಲ್ಲ. ಕೊತ್ತಂಬರಿ ಜೀರಿಗೆಯ ಕಷಾಯ, ಸಿಹಿ ಹಾಕದ ಪುನರ್ಪುಳಿ ಸಾರು, ಇಲ್ಲಿಯವರ ತಾಕ್ ಎಂದರೆ ನಮ್ಮ ಮಜ್ಜಿಗೆ, ಇವು ಮೊಡವೆಯ ಮದ್ದಲ್ಲ. ಆದರೆ ಕೋಲಾ ಇದ್ದ ಜಾಗದಲ್ಲಿ ಇವು ಬಂದರೆ ೩೦ ಗ್ರಾಂ ಸಕ್ಕರೆ ತಪ್ಪಿತಲ್ಲ, ಅದೇ ಇವುಗಳ ಉಪಕಾರ. ಪಾನೀಯದಲ್ಲಿ ಏನಿದೆಯೆಂಬುದಕ್ಕಿಂತ ಏನಿಲ್ಲವೆಂಬುದನ್ನು ನೋಡಿ. ಒಂದು ಎಚ್ಚರಿಕೆ: ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹಸಿ ಸೋರೆಕಾಯಿ ರಸ ಕುಡಿಯುವ ರೂಢಿ ಈಚೆಗೆ ಹಬ್ಬಿದೆ. ರಸ ಕಹಿಯಾಗಿದ್ದರೆ ಅದು ವಿಷ. ಕಹಿ ಸೋರೆಕಾಯಿ ರಸದಿಂದ ನಮ್ಮ ದೇಶದಲ್ಲಿ ಸಾವುಗಳೇ ಆಗಿವೆ. ಕಹಿಯಿದ್ದಷ್ಟೂ ಗುಣ ಹೆಚ್ಚೆಂದು ನುಂಗತಕ್ಕದ್ದಲ್ಲ; ಉಗುಳಿಬಿಡಬೇಕು.

ಪಥ್ಯಕ್ಕಿಂತ ಮೊದಲು ವಿಚಾರಿಸಬೇಕಾದ ಇನ್ನೊಂದು ಸಂಗತಿಯಿದೆ. ಎಷ್ಟೋ ಸಲ ಮೊಡವೆ ಬಂದುದು ಊಟದಿಂದಲ್ಲ, ಟ್ಯೂಬಿನಿಂದ. ಬೆಳ್ಳಗಾಗುವುದಕ್ಕೆಂದು, ಕಲೆ ಹೋಗುವುದಕ್ಕೆಂದು ಅಂಗಡಿಯವರು ಕೊಡುವ ಕೆಲವು ಮುಲಾಮುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಹಚ್ಚಿದ ಮೊದಲ ವಾರ ಮುಖ ಹೊಳೆಯುತ್ತದೆ, ಮೊಡವೆಯ ಕೆಂಪು ಇಳಿಯುತ್ತದೆ. ಹಚ್ಚಿದವರಿಗೆ ಅಮೃತ ಸಿಕ್ಕಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ರಕ್ತನಾಳಗಳು ಕಾಣಿಸಿಕೊಂಡು, ಮೊದಲಿಗಿಂತ ಕೆಟ್ಟ ಮೊಡವೆ ಏಳುತ್ತದೆ. ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ, ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. ಈ ಹಾವಳಿಯ ವಿರುದ್ಧ ಚರ್ಮವೈದ್ಯರು ಬಹಳ ಕೂಗಿದ ಮೇಲೆ ೨೦೧೮ರಲ್ಲಿ ಕೇಂದ್ರ ಸರಕಾರವು ಇಂಥ ೧೪ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಚೀಟಿ ಕೇಳದ ಅಂಗಡಿಗಳು ಎಲ್ಲಿವೆಯೆಂಬುದು ವಾಚಕರಿಗೆ ಗೊತ್ತೇ ಇದೆ. ಇಂಥ ಟ್ಯೂಬನ್ನು ಬಹುದಿನ ಹಚ್ಚಿದವರು ಎಷ್ಟು ರಾಗಿರೊಟ್ಟಿ ತಿಂದರೂ ಗುಣ ಕಾಣರು. ಅದನ್ನು ಬಿಡುವುದು ಹೇಗೆಂದು ವೈದ್ಯರನ್ನೇ ಕೇಳಬೇಕು.

ಒಳಗೆ ತೆಗೆದುಕೊಳ್ಳುವ ಔಷಧಗಳಿಂದಲೂ ಮೊಡವೆಯಂಥ ಗುಳ್ಳೆ ಬರಬಹುದು: ಶಕ್ತಿಗೆಂದು ಚುಚ್ಚಿಸಿಕೊಳ್ಳುವ ಬಿ೧೨ ಇಂಜೆಕ್ಷನ್, ಕ್ಷಯದ ಮಾತ್ರೆಗಳಲ್ಲೊಂದಾದ ಐಸೋನಿಯಜಿಡ್. ಕ್ಷಯದ ಮಾತ್ರೆಯನ್ನು ಮುಖದ ಚೆಂದಕ್ಕಾಗಿ ಒಂದು ದಿನವೂ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ಹೆಂಗಸರಲ್ಲಿ ಮೊಡವೆಯ ಜೊತೆಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಗಲ್ಲದಲ್ಲಿ ಕೂದಲು ಬೆಳೆಯುವುದು, ತೂಕ ಏರುವುದು ಇದ್ದರೆ ಅಂಡಾಶಯದ ಹಾರ್ಮೋನುಗಳ ಏರುಪೇರು ಇರಬಹುದು. ಅದು ಮುಲಾಮಿನ ಮಾತಲ್ಲ. ಅಂಥವರಿಗೆ ಸಕ್ಕರೆ ಕಡಿಮೆ ಮಾಡುವುದು, ತೂಕ ಇಳಿಸುವುದು ಮೊಡವೆಯನ್ನು ಮೀರಿದ ಉಪಕಾರ ಮಾಡುತ್ತದೆ.

ಪಥ್ಯವನ್ನು ಪರೀಕ್ಷಿಸಬೇಕೆನ್ನುವವರು ಒಂದು ವಾರ ಮಾಡಿ ಬಿಟ್ಟರೆ ಫಲವಿಲ್ಲ. ಮೊಡವೆ ವಾರಗಟ್ಟಲೆ ಒಳಗೆ ಬೆಳೆಯುವುದರಿಂದ ೧೨ ವಾರವಾದರೂ ಬೇಕು. ಮೊದಲ ದಿನ ಮುಖದ ಮೊಡವೆಗಳನ್ನು ಎಣಿಸಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಮತ್ತೆ ಎಣಿಸಿ. ನೆನಪು ನಂಬುವಂಥದಲ್ಲ. ಹತ್ತು ಪದಾರ್ಥಗಳನ್ನು ಒಮ್ಮೆಲೇ ಬಿಟ್ಟು ಸೊರಗುವುದೂ ಬೇಡ. ದುಡಿಯುವ ಮೈಗೆ ಅನ್ನ ಬೇಕು.

ಗಂಟುಗಂಟಾಗಿ ಏಳುವ, ನೋಯುವ, ಗುಳಿ ಬೀಳುವ ಮೊಡವೆಗೆ ಮಾತ್ರ ೧೨ ವಾರ ಕಾಯುವಂತಿಲ್ಲ. ಬಿದ್ದ ಗುಳಿಯನ್ನು ಯಾವ ಊಟವೂ ತುಂಬಲಾರದು. ಇದಕ್ಕೆ ಒಳ್ಳೆಯ ಔಷಧಗಳಿವೆ. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲಿನ್ ಎಂಬ ಲೇಪಗಳು ಹಳೆಯವು, ಪರೀಕ್ಷೆಯಲ್ಲಿ ಗೆದ್ದವು. ಮೊದಲ ದಿನಗಳಲ್ಲಿ ಸ್ವಲ್ಪ ಉರಿಯುತ್ತವೆ, ಮೊದಲನೆಯದು ದಿಂಬಿನ ಬಟ್ಟೆಯ ಬಣ್ಣ ತೆಗೆಯುತ್ತದೆ. ತೀವ್ರವಾದುದಕ್ಕೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆಯಿದೆ. ಗರ್ಭದಲ್ಲಿರುವ ಶಿಶುವಿಗೆ ಅದು ಘೋರವಾದ ಅಂಗವಿಕಲತೆ ತರುತ್ತದೆ. ಆದ್ದರಿಂದ ವೈದ್ಯರ ನೋಟದಲ್ಲಲ್ಲದೆ ಅದನ್ನು ಯಾರೂ ಮುಟ್ಟಬಾರದು. ಗೆಳತಿಗೆ ಬರೆದುಕೊಟ್ಟ ಚೀಟಿಯಿಂದ ಇನ್ನೊಬ್ಬಳು ತರಿಸಿ ನುಂಗುವಂತೆಯೇ ಇಲ್ಲ. ಗರ್ಭಿಣಿಯರು ಅಡಾಪಲಿನ್ ಲೇಪವನ್ನೂ ದೂರವಿಡಬೇಕು.

ಖಾಸಗಿ ಚರ್ಮವೈದ್ಯರ ಫೀಸು ಭಾರವೆನಿಸುವವರಿಗೆ ಮುಂಬಯಿಯ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಾದ ಶೀವದ ಲೋಕಮಾನ್ಯ ಟಿಳಕ್ ಆಸ್ಪತ್ರೆ, ಪರೇಲಿನ ಕೆ.ಇ.ಎಂ. ಆಸ್ಪತ್ರೆಗಳಲ್ಲಿ ಚರ್ಮವಿಭಾಗಗಳಿವೆ. ಶೀವಕ್ಕೆ ನಮ್ಮ ಲೋಕಲಿನಲ್ಲಿ ನೇರ ಹೋಗಬಹುದು. ಸಾಲು ಉದ್ದವಿರುತ್ತದೆ, ಒಂದು ರಜೆ ಇದಕ್ಕೆ ಹೋಗುವುದೆಂದು ತಿಳಿದು ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿಕೊಳ್ಳಬೇಕು. ಹೋಗುವಾಗ ಇದುವರೆಗೆ ಮುಖಕ್ಕೆ ಹಚ್ಚಿದ ಟ್ಯೂಬುಗಳನ್ನು, ಕುಡಿದ ಸಿರಪ್ಪಿನ ಬಾಟಲಿಗಳನ್ನು, ಪುಡಿಯ ಡಬ್ಬಿಯ ಚೀಟಿಯನ್ನು, ಖಾಲಿಯಾಗಿದ್ದರೂ ಸರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ನಾಚಿಕೆಯಿಂದ ಬಾಯಿಬಿಟ್ಟು ಹೇಳಲಾಗದುದನ್ನು ಅವು ಹೇಳುತ್ತವೆ.